ಟೀವಿಯ ನೆರಳು ಬಿಡಿಸುವ ಗಿಡ್ಡಪ್ಪ

ಹಳೇಬೀಡಿನ ಕೆರೆಯ ಮೇಲೆ ಮಂಜು ಇನ್ನೂ ಕವಿದೇ ಇದೆ. ಹೆಗಲಿಗೆ ವೈರಿನ ಸುರುಳಿ ಏರಿಸಿಕೊಂಡು ಗಿಡ್ಡಪ್ಪ ಟೀವಿಎಸ್ ಮೊಪೆಡ್ ಒದೆಯುತ್ತಿದ್ದಾರೆ. ಮೊಂಡು ಎತ್ತಿನಂತೆ ಸತಾಯಿಸಿ ಅದು ಕೊನೆಗೂ ಹೊರಡುತ್ತದೆ. ಬಸ್ ಸ್ಟ್ಯಾಂಡಿನ ಪಕ್ಕದ ಇವರ ರಿಪೇರಿ ಅಂಗಡಿಗೆ ಬೋರ್ಡೂ ಇಲ್ಲ. ಜಾವಗಲ್‌ನಿಂದ ಹಗರೆಯವರೆಗೆ ಎಷ್ಟೋ ಮನೆಗಳ ಟೀವಿ ನೆಟ್ಟಗೆ ಕಾಣುವುದು ಇವರ ಕೈಗುಣದಿಂದ. ಆದರೆ ಟೀವಿ ನೋಡುವವರಲ್ಲಿ ಅದರ ಬೆನ್ನ ಹಿಂದೆ ಕೂತು ಬೆವರಿದವನನ್ನು ನೆನೆಯುವವರು ಯಾರಿದ್ದಾರೆ ಹೇಳಿ!

ಇವತ್ತು ಹಿರಿಯರ ಹಬ್ಬ. ಅಮಾವಾಸ್ಯೆ ದಿನ ರಿಪೇರಿಗೆ ಯಾರೂ ಕರೆಯುವುದಿಲ್ಲ. ಆದರೂ ಹಗರೆಯ ಸುಮಿತ್ರಮ್ಮ ಹೇಳಿಕಳಿಸಿದ್ದಾರೆ. ತೀರಿಕೊಂಡ ಗಂಡ ಜವರಯ್ಯನವರಿಗೆ ಅವರು ಎಡೆ ಇಡುವುದು ಫೋಟೊದ ಮುಂದಲ್ಲ, ಟೀವಿಯ ಮುಂದೆ. ಈಗಿರುವ ಮನೆಯ ಗೃಹಪ್ರವೇಶದ ವಿಡಿಯೊದಲ್ಲಿ ಜವರಯ್ಯ ಕೈಮುಗಿದು, ನಗುತ್ತಾ, ಬಂದವರನ್ನೆಲ್ಲ ಊಟಕ್ಕೆ ಏಳಿಸುತ್ತಾರೆ. ಅವರ ದನಿ ಉಳಿದಿರುವುದು ಅದೊಂದರಲ್ಲೇ.

ಈ ಸಲ ಮಗ ದೊಡ್ಡ ಎಚ್‌ಡಿ ಟೀವಿ ತಂದ. ವಿಡಿಯೊ ಪ್ಲೇಯರಿನ ಹಳೆಯ ವೈರು ಗೋಡೆಯ ಟೀವಿಯವರೆಗೆ ಎಟುಕಲಿಲ್ಲ ಎಂದು ಇನ್ನೊಂದು ತುಂಡು ಹೊಸೆದು ಟೇಪು ಸುತ್ತಿದ. ಅಲ್ಲಿಂದ ಶುರುವಾಯಿತು ನೋಡಿ. ಪರದೆಯ ಮೇಲೆ ಜವರಯ್ಯನ ಪಕ್ಕ ಇನ್ನೊಬ್ಬ ಮಸುಕು ಜವರಯ್ಯ. ಇವರು ಕೈಮುಗಿದರೆ ಅವನೂ ಮುಗಿಯುತ್ತಾನೆ. ಬಸುರಿ ಸೊಸೆ ನಯನಾ ಹೆದರಿ ಊಟ ಬಿಟ್ಟಿದ್ದಾಳೆ. ನೆರಳು ಹೋಗದಿದ್ದರೆ ಎಡೆಗೆ ಮೊದಲೇ ವಿಡಿಯೊ ಅಳಿಸುವುದು ಎಂದು ಮನೆಯಲ್ಲಿ ತೀರ್ಮಾನವಾಗಿದೆ. ಸುಮಿತ್ರಮ್ಮನಿಗೆ ಅದು ಗಂಡನನ್ನು ಮತ್ತೊಮ್ಮೆ ಮಣ್ಣು ಮಾಡಿದ ಹಾಗೆ.

ಗಿಡ್ಡಪ್ಪ ಅರಸೀಕೆರೆಯ ರೇಡಿಯೊ ಅಂಗಡಿಯಲ್ಲಿ ಕೆಲಸ ಕಲಿತವರು. ಆಂಟೆನಾ ಕಾಲದಲ್ಲಿ ಹೆಂಚಿನ ಮೇಲಿಂದ ಬಿದ್ದು ಬಲಗಾಲು ಸೊಟ್ಟಗಾಗಿದೆ. ದಿನಕ್ಕೆ ನಾಲ್ಕೈದು ಮನೆ ಸುತ್ತುತ್ತಾರೆ, ಮಿಕ್ಕ ಹೊತ್ತು ರಾಗಿ ಹೊಲ. ಚಿನ್ನದ ತುದಿಯ ವೈರೇ ಬೇಕು ಎನ್ನುವವರಿಗೆ, ಚಿನ್ನ ಕಿವಿಗಿರಲಿ, ಟೀವಿಗೆ ಮಾಮೂಲಿ ವೈರೇ ಸಾಕು ಎನ್ನುತ್ತಾರೆ. ಸುಮಿತ್ರಮ್ಮನ ಮನೆಯ ಟೇಪಿನ ಗಂಟು ನೋಡಿದ್ದೇ ಅವರಿಗೆ ನಗು.

“ದೆವ್ವ ಅಲ್ಲ ಕಣವ್ವಾ, ಗಂಟು. ಹಳೇ ವೈರಲ್ಲಿ ಚಿತ್ರ ಕಾಲುವೆ ನೀರಂಗೆ ಹರೀತದೆ. ಗಂಟಿಗೆ ಬಡಿದಿದ್ದು ತಡವಾಗಿ ಬಂದು ಪಕ್ಕದಾಗೆ ನಿಂತ್ಕತದೆ. ಡಿಜಿಟಲ್ ವೈರು ಹಂಗಲ್ಲ. ಬಂದ್ರೆ ಪೂರಾ ಬತ್ತದೆ, ಇಲ್ದಿದ್ರೆ ಏನೂ ಬರಾಕಿಲ್ಲ. ನೆರಳು ಗಿರಳು ಇರಾಕಿಲ್ಲ.”

ಮೊದಲು ಕೆಂಪು, ಹಸಿರು, ನೀಲಿ ತುದಿಯ ವೈರು ಹಾಕಿ ನೋಡುತ್ತಾರೆ; ಅದೂ ಹಳೇ ಜಾತಿಯದೇ, ನಡುವೆ ಜೋಡಣೆ ಇದ್ದೇ ಇದೆ. ನೆರಳು ತೆಳುವಾಗುತ್ತದೆ, ಹೋಗುವುದಿಲ್ಲ. ಅದನ್ನು ಕಿತ್ತು ಚಪ್ಪಟೆ ತುದಿಯ ಡಿಜಿಟಲ್ ವೈರು ಸಿಕ್ಕಿಸುತ್ತಾರೆ. ಪರದೆ ಕಪ್ಪಾಗುತ್ತದೆ. ಆಮೇಲೆ ಒಮ್ಮೆಲೇ ಬೆಳಕು. ತೋರಣದ ಒಂದೊಂದು ಮಾವಿನೆಲೆಯೂ ಕಾಣುತ್ತದೆ. ಜವರಯ್ಯ ಒಬ್ಬರೇ ಇದ್ದಾರೆ. ಅಬ್ಬಾ, ನಯನಾಳಿಗೆ ಹೋದ ಜೀವ ಬಂದಂತಾಗುತ್ತದೆ.

ಸುಮಿತ್ರಮ್ಮ ಮಾತ್ರ ಎದ್ದು ಟೀವಿಯ ಹತ್ತಿರ ಹೋಗುತ್ತಾರೆ. ಜವರಯ್ಯನ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ, ಯಾರೋ ನಿಂತಿದ್ದಾರೆ. ಗಿಡ್ಡಪ್ಪ ವೈರು ಕಿತ್ತು ಊದಿ ಮತ್ತೆ ಸಿಕ್ಕಿಸುತ್ತಾರೆ. ಹೋಗಲಿಲ್ಲ. ಒಬ್ಬ ಮುದುಕಿ, ಸೆರಗಿನ ತುದಿ ಹಲ್ಲಲ್ಲಿ ಕಚ್ಚಿ, ಎಡಗೈ ಬಾಗಿಲವಾಡಕ್ಕೆ ಆನಿಸಿ, ಜವರಯ್ಯನನ್ನೇ ನೋಡುತ್ತಿದ್ದಾಳೆ.

“ನಮ್ಮತ್ತೆ,” ಎನ್ನುತ್ತಾರೆ ಸುಮಿತ್ರಮ್ಮ.

ಅತ್ತೆ ಮಾದಮ್ಮ ಕ್ಯಾಮೆರಾ ಕಂಡರೆ ಮುಖ ಮುಚ್ಚಿಕೊಳ್ಳುತ್ತಿದ್ದವರು. ಮನೆಯಲ್ಲಿ ಅವರದೊಂದು ಫೋಟೊ ಇಲ್ಲ. ವರ್ಷ ವರ್ಷವೂ ಅವರ ಎಡೆ ಬರಿಯ ಮಣೆಯ ಮುಂದೆ. ಅವರು ತೀರಿಹೋಗಿದ್ದು ಈ ಮನೆಯ ಪಾಯ ತೋಡಿದ ವರ್ಷ. ಇದರ ಹೊಸ್ತಿಲು ಅವರು ತುಳಿದೇ ಇಲ್ಲ. ಪರದೆಯಲ್ಲಿ ಕಾಣುವ ಆ ಬಾಗಿಲು ಈಗ ಮೂವರ ಬೆನ್ನ ಹಿಂದೆಯೇ ಇದೆ. ತಿರುಗಿ ನೋಡುವ ಧೈರ್ಯ ಯಾರಿಗೂ ಬರುವುದಿಲ್ಲ.

ಹಳೇ ವೈರನ್ನೇ ಹಾಕಿಬಿಡಿ ಎಂದು ನಯನಾ ಪಿಸುಗುಟ್ಟುತ್ತಾಳೆ. ಅದರಲ್ಲಾದರೆ ಮುದುಕಿ ಮಸುಕಿನಲ್ಲಿ ಮುಳುಗಿ ಹೋಗುತ್ತಾಳೆ, ನಿಜ. ಗಿಡ್ಡಪ್ಪ ಹಳೆಯ ವೈರನ್ನು ಕೈಯಲ್ಲಿ ಹಿಡಿದು ಸುಮಿತ್ರಮ್ಮನ ಮುಖ ನೋಡುತ್ತಾರೆ.

“ಯಾವ್ದು ಇರ್ಲವ್ವಾ?”

“ಇದೇ ಇರ್ಲಿ ಗಿಡ್ಡಪ್ಪಣ್ಣ. ಮನೆ ನೋಡ್ಬೇಕು ನೋಡ್ಬೇಕು ಅಂತಿದ್ರು. ನೋಡ್ಕಳ್ಳಿ.”

ಅತ್ತೆಯ ಎಲೆಯನ್ನೂ ಇಲ್ಲೇ ಹಾಕು ಎಂದು ಸೊಸೆಗೆ ಹೇಳುತ್ತಾರೆ. ನಯನಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಏಳುತ್ತಾಳೆ. ಅಡುಗೆಮನೆಯ ಬಾಗಿಲು ದಾಟುವಾಗ, ನಿಂತಿರುವ ಹಿರಿಯರಿಗೆ ತಾಗದ ಹಾಗೆ ಮೈ ಹಿಡಿ ಮಾಡಿಕೊಂಡು ಓರೆಯಾಗಿ ಹೋಗುತ್ತಾಳೆ.

ಗಿಡ್ಡಪ್ಪ ಮನೆಗೆ ಬಂದಾಗ ಬಿಸಿಲೇರಿದೆ. ನಮಗೂ ಡಿಜಿಟಲ್ ವೈರು ಹಾಕಿ, ಊರಿಗೆಲ್ಲ ಹಾಕುತ್ತೀರಲ್ಲ ಎಂದು ಹೆಂಡತಿ ಹನುಮಕ್ಕ ಎಂದಿನಂತೆ ರೇಗುತ್ತಾರೆ. ಈ ಹಬ್ಬಕ್ಕೆ ಹಾಕುತ್ತೇನೆಂದು ಗಿಡ್ಡಪ್ಪನವರೇ ಮಾತು ಕೊಟ್ಟಿದ್ದರಂತೆ. ಇಷ್ಟೆಲ್ಲ ಮಾಡುವವರಿಗೆ ತಮ್ಮದೇನು ಆಸೆ ಎಂದು ನಾವು ಕೇಳಿದರೆ, ಗಿಡ್ಡಪ್ಪ ಹೆಗಲ ಸುರುಳಿ ಇಳಿಸಿ ಗೂಟಕ್ಕೆ ನೇತುಹಾಕುತ್ತಾರೆ.

“ನಮ್ಮನೇಲಿ ಹಳೇ ವೈರೇ ಇರ್ಲಿ ಸಾಮಿ. ಅದ್ರಲ್ಲಿ ಎಲ್ರಿಗೂ ನೆರಳೈತೆ. ಯಾರು ಬಂದವ್ರೆ ಅಂತ ಗೊತ್ತಾಗಾಕಿಲ್ಲ.”