ಮುಂದಿನ ಸೀಟಿನ ತೂಕ

ಗೋಡೆಯಾಚೆಯಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ಉದ್ದಕ್ಕೆ ಓಡಿ, ಎಲ್ಲೋ ತಿರುವಿನಲ್ಲಿ ಉಸಿರು ಹಿಡಿದು ನಿಂತು, ಮತ್ತೆ ಓಡುವ ಸದ್ದು. ಜೀಪಕ್ಕನ ಅಡುಗೆಮನೆಗೂ ಟೈಲರಣ್ಣನ ಅಂಗಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಬೇರೆ ದಿನವಾಗಿದ್ದರೆ ಆ ಸದ್ದು ಅವಳ ಕಿವಿಗೆ ಬೀಳುತ್ತಲೂ ಇರಲಿಲ್ಲ. ಆದರೆ ಅದು ಆಸ್ಪತ್ರೆಯ ದಿನ. ಆಸ್ಪತ್ರೆಯ ದಿನ ಬೆಳಿಗ್ಗೆ ಯಂತ್ರ ಮುಸುಕು ಹೊದ್ದು ಮಲಗಿರಬೇಕು. ಟೈಲರಣ್ಣ ಇಸ್ತ್ರಿ ಅಂಗಿ ತೊಟ್ಟು ಅವಳ ಜೀಪಿನ ಮುಂದಿನ ಸೀಟಿನಲ್ಲಿ ಕೂತಿರಬೇಕು.

ಜೀಪಕ್ಕ ಚಹಾದ ಲೋಟವನ್ನು ಅರ್ಧಕ್ಕೇ ಇಟ್ಟು ಪಕ್ಕದ ಬಾಗಿಲಿಗೆ ಹೋದಳು.

"ಏನಣ್ಣ, ಇವತ್ತು ಯಾವ ದಿನ ಅಂತ ಮರೆತುಹೋಯ್ತಾ?"

"ಮರೆತಿಲ್ಲ." ಟೈಲರಣ್ಣ ಬಟ್ಟೆಯಿಂದ ಕಣ್ಣು ಎತ್ತಲಿಲ್ಲ. "ನಾನು ಬರಲ್ಲಮ್ಮ. ನೀವೆಲ್ಲ ಹೋಗಿಬನ್ನಿ."

"ನಾವೆಲ್ಲ ಹೋಗಿ ಆ ಆಸ್ಪತ್ರೆ ಯಂತ್ರದ ಮುಂದೆ ನಿಮ್ಮ ಬದಲು ಮಲಗೋಣವಾ?"

ಅವನು ನಗಲಿಲ್ಲ. ಮೂತ್ರಪಿಂಡಗಳು ಕೈಕೊಟ್ಟ ಮೇಲೆ ವಾರಕ್ಕೆ ಎರಡು ಸಲ ಪೇಟೆಯ ಆಸ್ಪತ್ರೆಯಲ್ಲಿ ಅವನಿಗೆ ಡಯಾಲಿಸಿಸ್ ಆಗಬೇಕಿತ್ತು. ಪೇಟೆಗೆ ಹೋಗುವ ದಾರಿ ಹಳ್ಳಕ್ಕಿಳಿದು, ಆಚೆ ಬದಿಯಲ್ಲಿ ಜೇಡಿಮಣ್ಣಿನ ಏರನ್ನು ಹತ್ತುತ್ತಿತ್ತು. ಒಂದು ಸಣ್ಣ ಮಳೆ ಬಂದರೂ ಸಾಕು, ಆ ಏರಿನಲ್ಲಿ ಜೀಪಿನ ಚಕ್ರಗಳು ಸೋಪಿನ ಮೇಲೆ ನಿಂತಂತೆ ನಿಂತಲ್ಲೇ ತಿರುಗುತ್ತಿದ್ದವು. ಆಗ ಜೀಪಕ್ಕ ತಲೆ ಹೊರಗೆ ಹಾಕಿ "ಇಳೀರಪ್ಪಾ" ಅನ್ನುವಳು. ಎಲ್ಲರೂ ಇಳಿದು ತಳ್ಳುವರು. ಇಳಿಯದವನು ಟೈಲರಣ್ಣ ಒಬ್ಬನೇ. ಇಳಿಯುವ ಶಕ್ತಿ ಅವನಿಗಿರಲಿಲ್ಲ.

ಹಿಂದಿನ ಸಲ ತಳ್ಳುವಾಗ ಅಜ್ಜಿ ಜಾರಿ ಬಿದ್ದಿದ್ದಳು. ಮಂಡಿ ನೋವಿನ ಔಷಧಿಗೆಂದು ಪ್ರತಿ ಸಲವೂ ಜೊತೆಗೆ ಬರುವ ಅಜ್ಜಿ. ಎರಡೂ ಮಂಡಿ ಊರಿ ಕೆಸರಿಗೆ ಬಿದ್ದು, ತಾನೇ ನಗುತ್ತಾ ಎದ್ದು ಸೀರೆ ಒದರಿಕೊಂಡಿದ್ದಳು. ಎಲ್ಲರೂ ಅದನ್ನು ಮರೆತರು. ಟೈಲರಣ್ಣ ಮಾತ್ರ ಮರೆಯಲಿಲ್ಲ.

"ಆ ಮುದುಕಿ ಬಿದ್ದೂ ಎದ್ದೂ ನನ್ನ ತಳ್ಳೋದು, ನಾನು ಮಹಾರಾಜನ ಹಾಗೆ ಕೂತು ಕನ್ನಡೀಲಿ ನೋಡೋದು. ಸಾಕಮ್ಮ. ಕೂತು ಕೂತು ಸಾಕಾಗಿದೆ ನಂಗೆ."

"ತಳ್ಳೋದು ಜೀಪನ್ನ. ನಿಮ್ಮನ್ನಲ್ಲ."

"ಎರಡೂ ಒಂದೇ."

ಹೊರಗೆ ಅಜ್ಜಿ ಹಾರನ್ ಒತ್ತತೊಡಗಿದಳು. ಜೀಪಕ್ಕ ಬೈದಳು, ಬೇಡಿಕೊಂಡಳು. ಅವನು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಅವನಿಲ್ಲದೆಯೇ ಹೋಗಬೇಕಾಯಿತು.

ಆಸ್ಪತ್ರೆಯಲ್ಲಿ ನರ್ಸು ಖಾಲಿ ಹಾಸಿಗೆಯ ಪಕ್ಕ ನಿಂತು ಕಾಯುತ್ತಿದ್ದಳು. ವಿಷಯ ತಿಳಿದು ಮುಖ ಗಂಭೀರ ಮಾಡಿಕೊಂಡಳು. "ಒಂದು ಸಲ ತಪ್ಪಿಸಿದ್ದನ್ನ ಮೈ ಹೇಗೋ ತಡ್ಕೋಬಹುದು. ಮುಂದಿನ ಸಲವೂ ತಪ್ಪಿಸಿದ್ರೆ ಕಷ್ಟ ಅಕ್ಕ. ಹೇಗಾದ್ರೂ ಮಾಡಿ ಕರ್ಕೊಂಡು ಬನ್ನಿ."

ವಾಪಸು ಬರುವಾಗ ಮುಂದಿನ ಸೀಟು ಖಾಲಿಯಿತ್ತು. ಅಜ್ಜಿಯ ಹಾಗೇ ಪ್ರತಿ ಸಲ ಬರುವ ಮೇಷ್ಟ್ರು ಹಿಂದಿನಿಂದ "ಮುಂದೆ ಬರ್ಲಾ?" ಅಂದರೆ ಜೀಪಕ್ಕ "ಬೇಡಿ" ಅಂದಳು.

ಆ ಸೀಟಿಗೆ ಒಂದು ಕತೆಯಿತ್ತು. ಜೀಪಕ್ಕ ಕಲ್ಲಿನ ಕ್ವಾರಿಯಲ್ಲಿ ಟ್ರ್ಯಾಕ್ಟರ್ ಓಡಿಸಲು ಕಲಿತವಳು. ಕ್ವಾರಿ ಮುಚ್ಚಿದ ಮೇಲೆ ಹಳೆಯ ಜೀಪೊಂದನ್ನು ತಂದು, ಮೊದಲ ದಿನ ಸ್ಟ್ಯಾಂಡಿನಲ್ಲಿ ನಿಲ್ಲಿಸಿದಾಗ ಯಾರೂ ಹತ್ತಲಿಲ್ಲ. ಬೇರೆ ಡ್ರೈವರುಗಳು "ಬ್ರೇಕು ಯಾವ ಕಾಲಿಗೆ ಬರುತ್ತಮ್ಮ?" ಎಂದು ಕೇಳಿ ತಮ್ಮತಮ್ಮಲ್ಲೇ ನಕ್ಕರು. ಬಿಸಿಲು ಏರಿತು. ಅವಳು ಸ್ಟೇರಿಂಗ್ ಹಿಡಿದು, ಹಲ್ಲು ಕಚ್ಚಿಕೊಂಡು ಕೂತಿದ್ದಳು. ಅಷ್ಟು ಹೊತ್ತಿಗೆ ಟೈಲರಣ್ಣ ಒಂದು ಬಟ್ಟೆಯ ಗಂಟು ಹಿಡಿದು ಬಂದು, ಎಲ್ಲರಿಗೂ ಕಾಣುವ ಹಾಗೆ ಮುಂದಿನ ಸೀಟಿನಲ್ಲಿ ಕೂತ. "ಪೇಟೆಗೆ ನಡಿಯಮ್ಮ, ಅವಸರದ ಕೆಲಸ ಇದೆ" ಅಂದ, ಸ್ವಲ್ಪ ಗಟ್ಟಿಯಾಗಿಯೇ. ಅವನ ಹಿಂದೆ ಇನ್ನಿಬ್ಬರು ಹತ್ತಿದರು. ಪೇಟೆಯಲ್ಲಿ ಅವನು ಒಂದು ಕಟ್ಟೆಯ ಮೇಲೆ ಕೂತಿದ್ದು, ಅದೇ ಜೀಪಿನಲ್ಲಿ ವಾಪಸು ಬಂದ. ಗಂಟು ಕಟ್ಟಿದ ಹಾಗೇ ಇತ್ತು.

ಅದರ ಬಗ್ಗೆ ಅವಳು ಇಷ್ಟು ವರ್ಷ ಒಂದು ಮಾತೂ ಆಡಿರಲಿಲ್ಲ.

ಮನೆಗೆ ಬಂದವಳೇ ಗಂಡನಿಗೆ "ಜೀಪಿಗೆ ವಿಂಚ್ ಹಾಕಿಸ್ತೀನಿ, ಹಗ್ಗ ಸುತ್ತಿ ಗಾಡೀನ ಎಳೆಯುತ್ತಲ್ಲ, ಅದು" ಅಂದಳು. ಗಂಡ ಬೇಕರಿಯಲ್ಲಿ ಕೆಲಸ ಮಾಡುವವನು. ವಾಹನ ಹತ್ತಿದರೆ ಅವನಿಗೆ ಹೊಟ್ಟೆ ತೊಳಸುತ್ತಿತ್ತು. ಹೆಂಡತಿಯ ಜೀಪಿನಲ್ಲಿ ಅವನು ಕೂತದ್ದು ಮದುವೆಗಿಂತ ಅಪರೂಪ ಎಂದು ಓಣಿಯವರ ತಮಾಷೆ. ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ "ಹಿತ್ತಿಲ ಬಾಗಿಲು ಇನ್ನೊಂದು ವರ್ಷ ಕಿರುಗುಟ್ಟಲಿ ಬಿಡು" ಅಂದ. ಹೊಸ ಬಾಗಿಲಿಗೆಂದು ಎತ್ತಿಟ್ಟ ಹಣ ತೆಗೆದುಕೊಟ್ಟ. ಅಲ್ಲಿಗೆ ಆ ಮಾತು ಮುಗಿಯಿತು.

ಮರುದಿನ ಮೈದುನನನ್ನು ಕರೆದುಕೊಂಡು ಬಿಡಿಭಾಗದ ಅಂಗಡಿಗೆ ಹೋದಳು. ಮೈದುನ ವೆಲ್ಡಿಂಗ್ ಶಾಪಿನವನು, ಜೀಪಿನ ಮೈಮೇಲಿನ ಗಾಯಗಳಿಗೆಲ್ಲ ಅವನೇ ವೈದ್ಯ. ಅಂಗಡಿಯಲ್ಲಿ ವಿಂಚುಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದರು. ಜೀಪಕ್ಕನ ಕಣ್ಣು ಮೊದಲು ಹೋದದ್ದು ಕೈಯಿಂದ ಮೀಟುವ ಸಣ್ಣ ವಿಂಚಿನ ಮೇಲೆ.

"ಇದು ಸಾಕು ಕಣೋ. ಗಟ್ಟಿಮುಟ್ಟಾಗಿದೆ. ಬ್ಯಾಟರಿ ಬೇಡ, ವೈರು ಬೇಡ."

"ಅತ್ತಿಗೆ, ಇದನ್ನ ಹಿಡ್ಕೊಂಡು ಕೆಸರಲ್ಲಿ ನಿಂತು ಮೀಟೋರು ಯಾರು?"

"ನಾನು. ಸುಸ್ತಾದ್ರೆ ಮೇಷ್ಟ್ರು."

"ಆವಾಗ ಟೈಲರಣ್ಣ ಎಲ್ಲಿರ್ತಾರೆ?"

ಅವಳು ಅದನ್ನು ಇದ್ದ ಜಾಗದಲ್ಲೇ ಇಟ್ಟಳು.

ಹಾಗಾಗಿ ಬ್ಯಾಟರಿಯಿಂದ ಓಡುವುದೇ ಆಗಬೇಕಾಯಿತು. ಹೊಳೆಯುವ ಉಕ್ಕಿನ ಹಗ್ಗ ಅವಳಿಗೆ ಇಷ್ಟವಾಯಿತು. ಅದು ತುಂಡಾದರೆ ಚಾಟಿಯ ಹಾಗೆ ಬೀಸಿ ಎದುರಿಗಿದ್ದವರ ಕಾಲು ತೆಗೆಯುತ್ತದೆ ಎಂದು ಮೈದುನ ಹೇಳಿದ ಮೇಲೆ ಇಷ್ಟವಾಗಲಿಲ್ಲ. ನೈಲಾನಿನಂಥ ನೂಲಿನಿಂದ ಹೆಣೆದ ಹಗ್ಗವನ್ನು ಬೆರಳಿನಲ್ಲಿ ಹೊಸೆದು ನೋಡಿ, ಅದನ್ನೇ ಆರಿಸಿದಳು.

"ಗಾಡಿ ತೂಕ ಎಷ್ಟು?" ಅಂಗಡಿಯವನು ಕೇಳಿದ.

"ಖಾಲಿ ಗಾಡಿದಾ?"

"ನೀವು ಕೆಸರಲ್ಲಿ ಹೂತುಕೊಳ್ಳೋದು ಖಾಲಿ ಇದ್ದಾಗಲಾ, ಜನ ಇದ್ದಾಗಲಾ?"

"ಜನ ಇದ್ದಾಗ."

"ಹಾಗಾದ್ರೆ ಜನ ತುಂಬಿ ತೂಗಿಸಿ ಬಂದು ಹೇಳಿ. ಅದರ ಒಂದೂವರೆ ಪಟ್ಟು ಎಳೆಯೋದನ್ನ ಕೊಡ್ತೀನಿ. ಅಂದಾಜಲ್ಲಿ ಕೊಟ್ಟು ಆಮೇಲೆ ನಿಮ್ಮ ಹತ್ರ ಬೈಸಿಕೊಳ್ಳೋಕೆ ನನಗಾಗಲ್ಲ."

ಜಲ್ಲಿ ಒಡೆಯುವ ಯಂತ್ರದ ಪಕ್ಕದಲ್ಲಿ ಲಾರಿಗಳನ್ನು ತೂಗುವ ಕಟ್ಟೆಯಿತ್ತು. ಜೀಪಕ್ಕ ತನ್ನ ಆಸ್ಪತ್ರೆಯ ದಿನದ ಜನರನ್ನೆಲ್ಲ ಒಟ್ಟುಗೂಡಿಸಿ ಅಲ್ಲಿಗೆ ಕರೆದೊಯ್ದಳು. ಅಜ್ಜಿ ತನ್ನ ಚೀಲವನ್ನೂ ತಂದಿದ್ದಳು, "ಪ್ರತಿ ಸಲ ತರ್ತೀನಲ್ಲ, ಅದೂ ಲೆಕ್ಕಕ್ಕೆ ಬರಲಿ" ಎಂದು. ಮೇಷ್ಟ್ರು ಸ್ವೆಟರ್ ಬಿಚ್ಚಿ ಹೊರಗಿಟ್ಟರು. ಅಜ್ಜಿ ಬೈದ ಮೇಲೆ ಮತ್ತೆ ಹಾಕಿಕೊಂಡರು. ಎಲ್ಲರೂ ತಮ್ಮತಮ್ಮ ಜಾಗದಲ್ಲಿ ಕೂತರು. ಮುಂದಿನ ಸೀಟು ಖಾಲಿ.

ಜೀಪಕ್ಕ ಅದನ್ನು ನೋಡಿದಳು. ಆಮೇಲೆ ಇಳಿದು, ಮರಳಿನ ರಾಶಿಯ ಹತ್ತಿರ ಹೋಗಿ, ಒಂದು ಚೀಲಕ್ಕೆ ಮರಳು ತುಂಬಿಸತೊಡಗಿದಳು. ಮೇಷ್ಟ್ರಿಗೆ ಅರ್ಥವಾಯಿತು. ಅವರೂ ಇಳಿದು ಚೀಲದ ಬಾಯಿ ಹಿಡಿದರು.

"ಇಷ್ಟು ಸಾಕಾ?"

"ಇನ್ನೊಂದೆರಡು ಸಲಿಕೆ ಹಾಕಿ ಸಾರ್. ಕೋಪ ಬಂದಾಗ ಸ್ವಲ್ಪ ಜಾಸ್ತಿ ಭಾರ ಇರ್ತಾರೆ."

ಇಬ್ಬರೂ ಸೇರಿ ಮೂಟೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ತೂಕದ ಕಟ್ಟೆಯವನು ಕಿಟಕಿಯಿಂದ ಕೂಗಿದ: "ಆ ಮೂಟೆ ಇಳಿಸಿ ತೂಗಬಾರ್ದೇನಮ್ಮ?"

"ಮೂಟೆ ಅಲ್ಲಪ್ಪ, ನಮ್ಮ ಟೈಲರು" ಅಂದಳು ಅಜ್ಜಿ. "ತೂಗು ನೀನು."

ವಿಂಚು ಬಂತು. ಮೈದುನ ಜೀಪಿನ ಮುಂಭಾಗವನ್ನು ಬಿಚ್ಚಿ ಹಾಕಿ, ದಪ್ಪ ಉಕ್ಕಿನ ಹಲಗೆಯೊಂದನ್ನು ಕೊಯ್ದು ತೂತು ಹಾಕಿದ. ಬಂಪರಿಗೇ ಕೂರಿಸಿಬಿಡು ಎಂದ ಜೀಪಕ್ಕನಿಗೆ "ಕೂರಿಸ್ತೀನಿ ಅತ್ತಿಗೆ, ಬಂಪರು ಏರು ಹತ್ತಿ ಪೇಟೆ ಸೇರುತ್ತೆ, ನೀವು ಹಳ್ಳದಲ್ಲೇ ಇರಿ" ಅಂದ. ಹಲಗೆಯನ್ನು ಜೀಪಿನ ಅಡಿಚೌಕಟ್ಟಿನ ಎರಡೂ ತೊಲೆಗಳಿಗೆ ಬೋಲ್ಟು ಹಾಕಿ ಬಿಗಿದ. ಜೀಪಕ್ಕ ಜೀಪಿನಡಿ ಮಲಗಿ ನಟ್ಟು ಹಿಡಿದುಕೊಂಡಳು. ಗ್ರೀಸ್ ಅವಳ ಕೂದಲಿಗೆ ಮೆತ್ತಿತು. ದೊಡ್ಡ ಬ್ಯಾಟರಿ ಬಂತು. ಹೆಬ್ಬೆರಳಿನಷ್ಟು ದಪ್ಪದ ವೈರುಗಳು ಚೂಪು ಅಂಚಿಗೆ ಉಜ್ಜದ ಹಾಗೆ ರಬ್ಬರಿನ ಕೊಳವೆ ಹೊದ್ದು ಮುಂದಕ್ಕೆ ಹೋದವು. ಎಲ್ಲ ಮುಗಿದು ನೋಡಿದರೆ ಹಳೆಯ ಜೀಪು ಕೆಳದುಟಿ ಮುಂದೆ ಮಾಡಿ, ಯಾರ ಮೇಲೋ ಮುನಿಸಿಕೊಂಡಂತೆ ಕಾಣುತ್ತಿತ್ತು.

"ಈಗ ಜನ ಬೇಕು" ಅಂದ ಮೈದುನ. "ಹೊಸ ಹಗ್ಗಾನ ಸುಮ್ನೆ ಸುತ್ತಿಟ್ರೆ ಆಗಲ್ಲ. ಮೊದಲ ಸಲ ಭಾರ ಎಳೀತಾನೇ ಸುತ್ತಿಕೊಳ್ಬೇಕು. ಜೀಪಿನ ತುಂಬ ಜನ ಕೂರಲಿ, ಹಗ್ಗದ ತುದಿ ಆ ದಿಬ್ಬದ ಮರಕ್ಕೆ ಕಟ್ಟೋಣ, ಜೀಪು ತನ್ನನ್ನ ತಾನೇ ಎಳ್ಕೊಂಡು ಹತ್ತಲಿ."

ಜೀಪಕ್ಕ ಗ್ರೀಸಿನ ಕೈಯಲ್ಲೇ ಟೈಲರಣ್ಣನ ಬಾಗಿಲಿಗೆ ಹೋದಳು. ಯಂತ್ರ ಓಡುತ್ತಿತ್ತು. ಅವನ ಪಾದಗಳು ಊದಿ ಚಪ್ಪಲಿಯ ಪಟ್ಟಿ ಕಚ್ಚಿಕೊಂಡಿದ್ದು ಅವಳಿಗೆ ಕಂಡಿತು.

"ನನ್ನ ಜಾಗದಲ್ಲಿ ಮರಳಿನ ಮೂಟೆ ಕೂರಿಸಿದ್ಯಂತೆ" ಅಂದ ಅವನು.

"ಕೂರಿಸಿದೆ. ಒಳ್ಳೇ ಮೂಟೆ. ದಾರಿಯುದ್ದಕ್ಕೂ ಗೇರ್ ಯಾವಾಗ ಬದಲಾಯಿಸ್ಬೇಕು ಅಂತ ಪಾಠ ಹೇಳಲಿಲ್ಲ."

"ಹಾಗಾದ್ರೆ ಅದನ್ನೇ ಇಟ್ಕೋ."

"ಇಟ್ಕೋತಿದ್ದೆ. ಒಂದು ಕೇಳ್ತೀನಿ ಅಣ್ಣ. ನನ್ನ ಜೀಪಿನ ಮೊದಲ ದಿನ ಒಂದು ಗಂಟು ತಂದಿದ್ರಲ್ಲ. ಅದರಲ್ಲಿ ಏನಿತ್ತು?"

ಯಂತ್ರ ನಿಂತಿತು. "ಯಾರಿಗೆ ನೆನಪಿದೆ? ಬಟ್ಟೆ ಇರ್ಬೇಕು."

"ಪೇಟೇಲಿ ಬಿಚ್ಚಲೇ ಇಲ್ಲ ಅದನ್ನ."

ಅವನು ದಾರ ಕತ್ತರಿಸುವ ನೆಪದಲ್ಲಿ ತಲೆ ಬಗ್ಗಿಸಿದ.

"ಅವತ್ತು ನೀವೇನು ತಳ್ಳಿದ್ರಾ? ಎಳೆದ್ರಾ? ಬರೀ ಕೂತ್ರಿ" ಅಂದಳು ಜೀಪಕ್ಕ. "ನೀವು ಕೂತಿದ್ದಕ್ಕೇ ಈ ಜೀಪು ಇಷ್ಟು ವರ್ಷ ಓಡಿದೆ. ನಿಮ್ಮ ತೂಕ ಸೇರಿಸಿಯೇ ವಿಂಚ್ ಆರಿಸಿದ್ದೀನಿ. ಈಗ ಬರಲ್ಲ ಅಂದ್ರೆ ಅದನ್ನ ಅಂಗಡಿಯವನು ವಾಪಸು ತಗೊಳ್ಳಲ್ಲ."

ಟೈಲರಣ್ಣ ಕತ್ತರಿಯನ್ನು ಕೆಳಗಿಟ್ಟ. ಆಮೇಲೆ ಗೋಡೆ ಹಿಡಿದು ನಿಧಾನವಾಗಿ ಎದ್ದ.

"ತಡಿ. ಅಳತೆ ಟೇಪು ತಗೋತೀನಿ."

"ಅದ್ಯಾಕೆ?"

"ಹಗ್ಗ ನೂಲಿಂದಂತೆ. ನೂಲು ಬಿಸಿಲಿಗೆ ಸಾಯುತ್ತೆ. ಒಂದು ಮುಸುಕು ಬೇಡ್ವಾ?"

ದಿಬ್ಬದ ಬುಡದಲ್ಲಿ ಜೀಪು ಎಲ್ಲರನ್ನೂ ತುಂಬಿಕೊಂಡು ನಿಂತಿತು. ಮೈದುನ ಮರದ ಸಿಪ್ಪೆ ಕೀಳದಂತೆ ಅಗಲ ಪಟ್ಟಿ ಸುತ್ತಿ, ಕೊಕ್ಕೆ ಸಿಕ್ಕಿಸಿ ಬಂದ. ಬ್ರೇಕನ್ನು ಸ್ವಲ್ಪವೇ ಒತ್ತಿ ಹಿಡಿಯಲು ಜೀಪಕ್ಕನಿಗೆ ಹೇಳಿದ. ಮೋಟಾರು ಗುಂಯ್‌ಗುಟ್ಟಿತು. ಹಗ್ಗ ಬಿಗಿದು, ಸುತ್ತಿನ ಪಕ್ಕಕ್ಕೆ ಸುತ್ತು ಒತ್ತಾಗಿ ಕೂರತೊಡಗಿತು. ಟೈಲರಣ್ಣ ಕಿಟಕಿಯಿಂದ ಹೊರಗೆ ಬಗ್ಗಿ ಅದನ್ನೇ ನೋಡುತ್ತಿದ್ದ.

"ದಾರ ಸುತ್ತೋ ಬಾಬಿನ್ ಕಣಮ್ಮ ಇದು" ಅಂದ. "ಸಡಿಲ ಸುತ್ತಿದ್ರೆ ಹೊಲಿಯುವಾಗ ಗಂಟಾಗುತ್ತೆ. ಇದೂ ಅಷ್ಟೇ." ಅವನ ಮುಖದಲ್ಲಿ ಬಹುದಿನಗಳ ಮೇಲೆ ಒಂದು ಕುತೂಹಲ ಬಂದು ಕೂತಿತ್ತು.

ಅವತ್ತು ಸಂಜೆ ಗೋಡೆಯಾಚೆಯಿಂದ ಬಂದ ಸದ್ದು ಬೇರೆ ಥರ ಇತ್ತು: ದಪ್ಪ ಕ್ಯಾನ್‌ವಾಸಿನ ಮೇಲೆ ಸೂಜಿ ತಡೆತಡೆದು ಇಳಿಯುವ ಸದ್ದು. ಜೀಪಕ್ಕ ಒಲೆಯ ಮುಂದೆ ಕೂತು ಅದನ್ನು ಪೂರ್ತಿ ಕೇಳಿದಳು.

ಆಸ್ಪತ್ರೆಯ ದಿನದ ಬೆಳಿಗ್ಗೆ ಯಂತ್ರ ಸುಮ್ಮನಿತ್ತು. ಹಿಂದಿನ ರಾತ್ರಿ ಮಳೆ ಬಂದು ಹಳ್ಳದಾಚೆಯ ಏರು ಎಂದಿನಂತೆ ನುಣ್ಣಗೆ ಹೊಳೆಯುತ್ತಿತ್ತು. ಅರ್ಧ ಹತ್ತಿ ಜೀಪು ನಿಂತಿತು. ಚಕ್ರಗಳು ತಿರುಗಿದವು, ಕೆಸರು ಹಾರಿತು. ಮೇಷ್ಟ್ರು ಅಭ್ಯಾಸಬಲದಿಂದ ಹಿಂಬಾಗಿಲಿಗೆ ಕೈ ಹಾಕಿದರು.

"ಯಾರೂ ಇಳೀಬೇಡಿ" ಅಂದಳು ಜೀಪಕ್ಕ.

ತಾನೊಬ್ಬಳೇ ಇಳಿದು, ಹಗ್ಗ ಎಳೆದುಕೊಂಡು ಹೋಗಿ, ಏರಿನ ತಲೆಯ ಮೇಲಿನ ಮರಕ್ಕೆ ಕಟ್ಟಿ ಬಂದಳು. ವೈರು ಕಟ್ಟಿದ ವಿಂಚಿನ ರಿಮೋಟನ್ನು ಟೈಲರಣ್ಣನ ಮಡಿಲಲ್ಲಿಟ್ಟಳು.

"ನಂಗ್ಯಾಕೆ?"

"ನನಗೆ ಸ್ಟೇರಿಂಗ್ ಇದೆ. ಈ ಗುಂಡಿ ಒತ್ತಿದ್ರೆ ಎಳೆಯುತ್ತೆ. ನಿಧಾನ, ಪೆಡಲ್ ತುಳಿಯೋ ಹಾಗೆ."

ಟೈಲರಣ್ಣ ಗುಂಡಿಯ ಮೇಲೆ ಹೆಬ್ಬೆರಳಿಟ್ಟ. ಹಗ್ಗ ನೆಲದಿಂದೆದ್ದು ನೀರು ಕೊಡವಿ ನೆಟ್ಟಗಾಯಿತು. ಜೀಪು ಒಮ್ಮೆ ನಡುಗಿ, ಕೆಸರಿನಿಂದ ಪಾದ ಕಿತ್ತು, ಅಂಗುಲ ಅಂಗುಲವಾಗಿ ಮೇಲೇರತೊಡಗಿತು. ಅಜ್ಜಿ ಮುಂದಿನ ಸೀಟಿನ ಬೆನ್ನಿಗೆ ಎರಡೂ ಕೈ ಕೊಟ್ಟು ಹುಬ್ಬು ಗಂಟು ಹಾಕಿದ್ದಳು.

"ಅಜ್ಜಿ, ನನ್ನ ಯಾಕೆ ತಳ್ತಿದ್ದೀರಿ?"

"ಅಯ್ಯೋ, ಅಭ್ಯಾಸ ಕಣಪ್ಪ! ನೀನು ಎಳಿ, ನೀನು ಎಳಿ."

ಮೊದಲು ನಕ್ಕವನು ಟೈಲರಣ್ಣ. ನಗುತ್ತಲೇ, ಬೆರಳು ಸಡಿಲಿಸದೆ, ಆ ಇಡೀ ಜೀಪನ್ನು, ಅಜ್ಜಿಯನ್ನು, ಅವಳ ಚೀಲವನ್ನು, ಮೇಷ್ಟ್ರನ್ನು ಏರಿನ ತುದಿಗೆ ಎಳೆದು ತಂದ.

ಆಸ್ಪತ್ರೆಯ ಬಾಗಿಲಲ್ಲಿ ನರ್ಸು ಅವನನ್ನು ಕಂಡು ಗಾಲಿಕುರ್ಚಿ ತರಲು ಒಳಗೆ ಓಡಿದಳು. ಟೈಲರಣ್ಣ ಜೀಪಿನ ಬಾಗಿಲು ಹಿಡಿದು ನಿಂತ. ವಿಂಚಿನ ಮೇಲೆ ಅವನು ಹೊಲಿದ ಮುಸುಕು, ಅಂಚಿಗೆ ಎರಡೆರಡು ಸಾಲು ಹೊಲಿಗೆ ಹಾಕಿದ್ದು, ನೀಟಾಗಿ ಕೂತಿತ್ತು. ಅವನ ಕಣ್ಣು ತೇವವಾಗಿತ್ತು.

"ತಂಗೀ" ಅಂದ. "ಒಂದು ಮಾತು ಹೇಳ್ಬೇಕು ನಿಂಗೆ."

ಅದು ಯಾವ ಮಾತೆಂದು ಜೀಪಕ್ಕನಿಗೆ ಗೊತ್ತಿತ್ತು. ಕೇಳಿದರೆ ತಾನೂ ಅತ್ತುಬಿಡುತ್ತೇನೆಂದೂ ಗೊತ್ತಿತ್ತು. ಆ ಕೃತಜ್ಞತೆಯ ಮಾತನ್ನು ಗಂಟಿನ ದಿನವೇ ಮೊದಲು ಹೇಳಬೇಕಾದವಳು ತಾನು.

"ಆಮೇಲೆ ಹೇಳಿ ಅಣ್ಣ. ಆ ಮುಸುಕಿನ ಎಡಗಡೆ ಗುಂಡಿ ಸಡಿಲ ಇದೆ, ಮೊದಲು ಅದನ್ನ ನೋಡಿ" ಎನ್ನುತ್ತಾ ಅವಳು ಬೆನ್ನು ತಿರುಗಿಸಿ ಹೊರಟಳು. ನಾಲ್ಕು ಹೆಜ್ಜೆ ಹೋಗಿ, ತಿರುಗಿ ನೋಡದೆಯೇ ಕೂಗಿದಳು: "ಮತ್ತೆ ಮುಂದಿನ ಸಲವೂ ರಿಮೋಟು ನಿಮ್ಮ ಕೈಲೇ ಇರಲಿ, ಯಾಕಂದ್ರೆ ಅಜ್ಜಿ ಆಗಲೇ ಕೇಳ್ತಿದ್ದಾರೆ, ಅವರ ಕೈಗೆ ಕೊಟ್ರೆ ನಾವೆಲ್ಲ ಆ ಮರ ಹತ್ತಿ ಕೂರ್ಬೇಕಾಗುತ್ತೆ!"