ಚಿದಂಬರರಾಯರ ಮೂರನೆಯ ಜೋಡಿ

ನಾಗಪುರದ ಲಕ್ಷ್ಮೀ ನಗರದ ಚಿದಂಬರರಾಯರ ಮನೆಯ ಬಾಗಿಲ ಬಳಿ ಚಪ್ಪಲಿ ಇಡುವ ಗೂಡೊಂದಿದೆ. ದಪ್ಪ ಪ್ಲೈವುಡ್ಡು, ಕೂದಲೆಳೆ ಸಂದಿಲ್ಲದ ಮೂಲೆಗಳು, ಮೇಲೆ ತೇಗದ ತೆಳು ಹೊದಿಕೆ. ಚಪ್ಪಲಿಗೆ ಇಷ್ಟೊಂದು ಮರ್ಯಾದೆಯೇ ಎಂದು ಬಂದವರು ನಗುತ್ತಾರೆ. ರಾಯರು ನಗುವುದಿಲ್ಲ. ಅದು ಅವರು ಕೈಯಾರೆ ಕಟ್ಟಿದ ಮೊದಲ ಜೋಡಿ ಸ್ಪೀಕರ್ ಪೆಟ್ಟಿಗೆಗಳ ಮರ. ಕಟ್ಟಿದ ಮೂರು ಜೋಡಿಗಳಲ್ಲಿ ಮೊದಲಿನಿಂದಲೂ ಸರಿಯಾಗಿದ್ದದ್ದು ಅದೊಂದೇ.

ರಾಯರು ಮೂವತ್ತಾರು ವರ್ಷ ಟೆಲಿಫೋನ್ ಇಲಾಖೆಯಲ್ಲಿ ದುಡಿದವರು. ಧಾರವಾಡದ ಹುಡುಗ, ನಾಗಪುರಕ್ಕೆ ವರ್ಗವಾಗಿ ಬಂದು ಇಲ್ಲಿಯವನೇ ಆದ. ಹೆಂಡತಿ ಸುಲೋಚನಾಬಾಯಿ ಸಂಗೀತ ಕಲಿತವರು, ಮನೆಯಲ್ಲೇ ಮಕ್ಕಳಿಗೆ ಕಲಿಸುತ್ತಿದ್ದರು. ಮದುವೆಯಾದ ಹೊಸದರಲ್ಲಿ, ಇಲ್ಲಿನ ಕನ್ನಡದವರೆಲ್ಲ ಸೇರಿದ್ದ ಒಂದು ದಸರಾ ಸಂಜೆ, ರಾಯರು ಧೈರ್ಯ ಮಾಡಿ ಒಂದು ದೇವರನಾಮ ಹಾಡಿದ್ದರು. "ನಿಮಗ ಸುರ ಇಲ್ಲ ಬಿಡ್ರಿ" ಎಂದು ಹೆಂಡತಿ ನಕ್ಕಳು, ಕೂತವರೆಲ್ಲ ನಕ್ಕರು. ರಾಯರೂ ನಕ್ಕರು. ಆದರೆ ಮಾತು ನಾಟಿತು. ಅಂದಿನಿಂದ ಸಂಗೀತದ ಬಗ್ಗೆ ಯಾರು ಏನು ಕೇಳಿದರೂ ಅವರದು ಒಂದೇ ಉತ್ತರ: "ನಮ್ಮ ಮನ್ಯಾಗ ಕಿವಿ ಅಂದ್ರ ಸುಲೋಚನಾಂದು. ನನ್ನವು ಕನ್ನಡಕಾ ಇಡಲಿಕ್ಕೆ ಅವ."

ನಿವೃತ್ತರಾದ ಮೇಲೆ ಸೀತಾಬರ್ಡಿ ಪೇಟೆಯಲ್ಲಿ ಬಿಡಿ ಸ್ಪೀಕರುಗಳನ್ನು ಕೊಂಡು, ಲಕಡಗಂಜಿನ ಮರದಂಗಡಿಯಲ್ಲಿ ಪ್ಲೈ ಕೊಯ್ಯಿಸಿಕೊಂಡು ಬಂದು, ಹಿಂದಿನ ವರಾಂಡದಲ್ಲಿ ಕೆಲಸ ಹೂಡಿದರು. ಅಂಗಡಿಯ ಪೆಟ್ಟಿಗೆ ಯಾಕಾಗದು? ಹೆಂಡತಿಯ ಬಳಿ ಒಂದು ಹಳೆಯ ಧ್ವನಿಮುದ್ರಣವಿತ್ತು. ಅವರ ಗುರುಗಳು ಒಂದು ಮಧ್ಯಾಹ್ನ ಶಿಷ್ಯರಿಗೆ ಭೀಮಪಲಾಸಿ ರಾಗ ಹೇಳಿಕೊಟ್ಟದ್ದು. ಹಿಂದೆ ತಂಬೂರಿ ಮೀಟುತ್ತಿರುವವಳು ಹತ್ತೊಂಬತ್ತು ವರ್ಷದ ಸುಲೋಚನಾ. ಅದು ಇದ್ದದ್ದು ಇದ್ದ ಹಾಗೆ ಅವಳಿಗೆ ಕೇಳಬೇಕು, ಅಷ್ಟೇ ರಾಯರ ಆಸೆ. ಪ್ರೀತಿ ಎಂಬ ಮಾತನ್ನು ಬಾಯಲ್ಲಿ ಆಡಲು ಬಾರದ ಗಂಡಸರು ಹೀಗೆ ಏನಾದರೂ ಕಟ್ಟುತ್ತ ಕೂರುತ್ತಾರೆ.

ಪದ್ಧತಿ ಹೀಗಿತ್ತು. ರಾಯರು ಕಟ್ಟುವುದು, ಸುಲೋಚನಾಬಾಯಿಯವರು ಕೇಳುವುದು. ಕೇಳುವಾಗ ಮೇ ತಿಂಗಳ ಉರಿಯಲ್ಲೂ ಸದ್ದಾಗುತ್ತದೆಂದು ಕೂಲರ್ ಬಂದ್. ಇಬ್ಬರೂ ಬೆವರುತ್ತ ಗುರುಗಳ ಮುಂದೆ ಕೂತಂತೆ ಕೂರುತ್ತಿದ್ದರು. ಮೊದಲ ಜೋಡಿ ಕೇಳಿದ ದಿನ ಬಾಯಿಯವರು ಕಣ್ಣು ಒರೆಸಿಕೊಂಡರು. "ತಂಬೂರಿ ಜವಾರಿ ಸುದ್ದಾ ಕೇಳಸ್ಲಿಕತ್ತದರಿ. ಬರೋಬರ್ ಅದ. ಇನ್ನ ಇದಕ್ಕ ಕೈ ಹಚ್ಚಬ್ಯಾಡ್ರಿ." ತಂತಿ ಮೀಟಿದ ಮೇಲೆ ಗಾಳಿಯಲ್ಲಿ ಉಳಿಯುವ ಝೇಂಕಾರವೇ ಜವಾರಿ. ಅದು ಸಿಕ್ಕರೆ ಎಲ್ಲ ಸಿಕ್ಕಂತೆ.

ಮೂರು ವರ್ಷ ಕಳೆದಿರಬೇಕು. ಒಂದು ದಿನ ಬಾಯಿಯವರು ಮುಖ ಸಣ್ಣದು ಮಾಡಿದರು. "ಯಾಕೋ ಮಬ್ಬಾಗೇದರಿ. ಪೆಟಗಿಗೆ ಕಂಬಳಿ ಹೊದಿಸಿಧಂಗ."

ರಾಯರಿಗೆ ಹಾಗೇನೂ ಅನ್ನಿಸಲಿಲ್ಲ. ಆದರೆ ಅನ್ನಿಸಲು ಅವರು ಯಾರು? ಪೆಟ್ಟಿಗೆ ಬಿಚ್ಚಿದರು. ಒಳಗೆ ಸದ್ದು ಹೀರಲೆಂದು ತುಂಬಿದ್ದ ಗಾದಿಯ ಹತ್ತಿಯನ್ನು ಒಂದೊಂದು ಹಿಡಿ ತೆಗೆದರು. ಇನ್ನೂ ಮಬ್ಬು. ಮಳೆಗಾಲಕ್ಕೆ ಮರ ಉಬ್ಬಿರಬೇಕೆಂದು, ಹತ್ತಿ ಕಡಿಮೆ ಹಾಕಿ ಎರಡನೆಯ ಜೋಡಿ ಕಟ್ಟಿದರು. ಮೊದಲನೆಯದನ್ನು ಕೊಯ್ದು ಚಪ್ಪಲಿಯ ಗೂಡು ಮಾಡಿದರು. ಎರಡನೆಯದೂ ಒಂದು ವರ್ಷ ಬಾಯಿಯವರಿಗೆ ಚೆನ್ನಾಗಿತ್ತು, ಆಮೇಲೆ ಮಬ್ಬಾಯಿತು. ಮೂರನೆಯ ಜೋಡಿಯಲ್ಲಿ ಹತ್ತಿಯೇ ಇಲ್ಲ. ಸಣ್ಣ ದನಿಗಳನ್ನು ನುಡಿಸುವ ಟ್ವೀಟರನ್ನು ಹದದಲ್ಲಿಡುವ ರೆಸಿಸ್ಟರನ್ನೂ ಕಿತ್ತರು. ಗುರುಗಳ ದನಿ ತಗಡಿನ ಮೇಲೆ ಮೊಳೆ ಎಳೆದಂತೆ ಕೀರತೊಡಗಿತು. ರಾಯರ ಹಲ್ಲು ಜುಮ್ಮೆಂದಿತು.

"ಈಗ ಚಲೋ ಆತು ನೋಡ್ರಿ" ಎಂದರು ಬಾಯಿಯವರು.

ರಾಯರು ಪೆಟ್ಟಿಗೆಯ ತಿರುಪುಗಳನ್ನು ಬಿಗಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇವರು ನಾಲ್ಕು ವರ್ಷ ಎಮ್ಮೆಗೆ ಬರೆ ಎಳೆದರು.

ಕಣ್ಣಿಗೆ ಬೀಳುವಂಥ ಸೂಚನೆಗಳು ಬೇರೆ ಎಷ್ಟೋ ಇದ್ದವು. ಈಗಿನ ಹುಡುಗರು ಬಾಯಿ ಬಿಟ್ಟು ಹಾಡುವುದಿಲ್ಲ, ಸಾಹಿತ್ಯ ನುಂಗುತ್ತಾರೆ ಎಂದು ಬಾಯಿಯವರು ಪಾಠ ನಿಲ್ಲಿಸಿದ್ದರು. ಫೋನಿನಲ್ಲಿ ಎರಡೆರಡು ಸಲ ಕೇಳುತ್ತಿದ್ದರು. ಬೇಸಿಗೆಯಲ್ಲಿ ಅದಕ್ಕೆಲ್ಲ ಕೂಲರಿನ ಸದ್ದೇ ಕಾರಣವಾಗುತ್ತಿತ್ತು. ಬೇಸಿಗೆ ಹೋದ ಮೇಲೆ ಯಾವುದು ಕಾರಣ ಎಂದು ರಾಯರು ಕೇಳಿಕೊಳ್ಳಲಿಲ್ಲ.

ಕೇಳಿದವಳು ಮಗಳು ನಿಕಿತಾ. ಬ್ಯಾಂಕಿನಲ್ಲಿ ಕೆಲಸ, ಕಾಮಠಿ ರಸ್ತೆಯ ಕಡೆ ಮನೆ. ಒಂದು ಭಾನುವಾರ ಬಂದವಳು ಪೆಟ್ಟಿಗೆ ಹಚ್ಚುತ್ತಲೇ ಕಿವಿ ಮುಚ್ಚಿಕೊಂಡಳು. "ಬಾಬಾ, ಕಿತಿ ಕರ್ಕಶ್!" ಎಷ್ಟು ಕರ್ಕಶ ಎಂದು ಮರಾಠಿಯಲ್ಲೇ ಬಂತು ಮಾತು. "ಇದನ್ನ ಹೆಂಗ ಕೇಳ್ತೀರಿ?"

"ನಿಮ್ಮವ್ವಗ ಇದ ಬರೋಬರ್ ಅನಸ್ತದ."

ನಿಕಿತಾ ಪೆಟ್ಟಿಗೆ ಬಂದ್ ಮಾಡಿ, ತಾಯಿಯ ಬೆನ್ನ ಹಿಂದೆ ನಿಂತು ಮೆಲ್ಲಗೆ ಕರೆದಳು. ಮತ್ತೊಮ್ಮೆ ಕರೆದಳು. ತಾಯಿ ತಿರುಗಲಿಲ್ಲ. ಮಗಳು ತಂದೆಯ ಮುಖ ನೋಡಿದಳು. ರಾಯರು ಕೆಳಗೆ ನೋಡಿದರು.

ಕಿವಿಯ ಡಾಕ್ಟರು ಬಾಯಿಯವರ ಎರಡೂ ಕಿವಿ ಪರೀಕ್ಷಿಸಿ ಒಂದು ನಕ್ಷೆ ಕೈಗಿತ್ತರು. ದಪ್ಪ ದನಿಗಳ ಕಡೆ ನೆಟ್ಟಗಿದ್ದ ಗೆರೆ ಸಣ್ಣ ದನಿಗಳ ಕಡೆ ಹೋಗುತ್ತ ಹೋಗುತ್ತ ಕೆಳಗೆ ಜಾರಿತ್ತು. ರಾಯರು ಆ ಗೆರೆಯನ್ನು ಬಲ್ಲರು. ಮೊಬೈಲಿನಲ್ಲಿ ಅಳೆದು ಮೂರನೆಯ ಜೋಡಿಗೂ ಅವರು ಅಂಥದೇ ನಕ್ಷೆ ಬರೆದಿದ್ದರು. ಇದು ಜಾರಿದ ಕಡೆಯಲ್ಲೇ ಅದು ಮೇಲಕ್ಕೆ ಏರುತ್ತಿತ್ತು. ಹೆಂಡತಿಯ ಕಿವಿ ಎಷ್ಟು ಕಳೆದುಕೊಂಡಿತ್ತೋ ಅಷ್ಟನ್ನು ಅವರು ಪ್ಲೈವುಡ್ಡಿನಲ್ಲಿ ತುಂಬಿಕೊಟ್ಟಿದ್ದರು.

ಡಾಕ್ಟರು ಸಮಾಧಾನದಿಂದಲೇ ಹೇಳಿದರು. ಬಹಳ ದಿನ ಕೇಳದೆ ಉಳಿದ ಸದ್ದುಗಳನ್ನು ಗುರುತಿಸುವುದು ಮಿದುಳಿಗೆ ಮರೆತುಹೋಗುತ್ತದೆ. ಕಿವಿಯ ಯಂತ್ರದಿಂದ ಮಾತು ಕೇಳುತ್ತದೆ, ಸಂಗೀತದ ನವುರು ಮರಳುವುದು ಕಷ್ಟ. ಮೂರ್ನಾಲ್ಕು ವರ್ಷದ ಹಿಂದೆಯೇ ಬಂದಿದ್ದರೆ ಬೇರೆ ಮಾತು. ಆ ಮೂರ್ನಾಲ್ಕು ವರ್ಷ ತಾನು ಎಲ್ಲಿ ಕೂತಿದ್ದೆನೆಂದು ರಾಯರಿಗೆ ಗೊತ್ತಿತ್ತು. ವರಾಂಡದಲ್ಲಿ, ಮರಳು ಕಾಗದ ಹಿಡಿದು.

ಯಂತ್ರ ಹಾಕಿಕೊಂಡ ಬಾಯಿಯವರು ಮನೆಗೆ ಬಂದು ಮೊದಲು ಹಚ್ಚಿಸಿದ್ದು ಗುರುಗಳ ಭೀಮಪಲಾಸಿ. ಅರ್ಧ ನಿಮಿಷಕ್ಕೆ ಕೈಯೆತ್ತಿದರು.

"ಬಂದ್ ಮಾಡ್ರಿ. ಕೆಟ್ಟ ಒದರತದ ಇದು." ಗಂಡನ ಕಡೆ ತಿರುಗಿ ಕೇಳಿದರು: "ನಿಮಗ ಮೊದಲ ಗೊತ್ತಿತ್ತೇನು?"

"ಗೊತ್ತಿತ್ತು."

"ಮತ್ತ ಒಂದ ಮಾತ ಹೇಳಬಾರದಾಗಿತ್ತೇನ್ರಿ? ನಾಕ ವರ್ಷ!"

"ನೀ ಬರೋಬರ್ ಅಂದ ಮ್ಯಾಲೆ ನಂದೇನು? ನನಗ ಕಿವಿ ಇಲ್ಲಂತ ನೀನ ಅಂದಿದ್ದಿ."

ಬಾಯಿಯವರಿಗೆ ಆ ದಸರಾ ನೆನಪಾಗಲು ಹೊತ್ತು ಹಿಡಿಯಿತು. ನೆನಪಾದಾಗ ಅವರ ದನಿ ಒಡೆಯಿತು. "ನಾ ಅಂದದ್ದು ನಿಮ್ಮ ದನಿಗ್ರಿ. ಕಿವಿಗಲ್ಲ."

ಹೆಂಡತಿಯ ಮಾತಿಗೆ ಬೆಲೆ ಕೊಟ್ಟೆನೆಂದು ರಾಯರು ಇಷ್ಟು ವರ್ಷ ಬೀಗಿದ್ದರು. ಒಳಗೆ ಇದ್ದದ್ದು ಬೆಲೆಯಲ್ಲ, ಮತ್ತೊಮ್ಮೆ ನಗೆಪಾಟಲಾಗುವ ಭಯ. ಒಂದು ಸಲ, ಒಂದೇ ಸಲ, "ನನಗ ಇದು ಕರ್ಕಶ ಅನಸ್ತದ" ಎಂದಿದ್ದರೆ ಸಾಕಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು.

ರಾಯರು ಮೂರನೆಯ ಜೋಡಿಯೊಳಗೂ ಹತ್ತಿ ತುಂಬಿದರು, ಟ್ವೀಟರಿಗೆ ಮೊದಲಿನ ರೆಸಿಸ್ಟರ್ ಹಾಕಿದರು. ನಿನ್ನೆ ಮಧ್ಯಾಹ್ನ ಕೂಲರ್ ಬಂದ್ ಮಾಡಿ, ಇಬ್ಬರೂ ಬೆವರುತ್ತ ಕೂತರು. ತಂಬೂರಿ ಶುರುವಾಯಿತು. ರಾಯರು ಅಭ್ಯಾಸಬಲದಿಂದ ಹೆಂಡತಿಯ ಮುಖ ನೋಡಿದರು.

"ನನ್ನ ನೋಡಬ್ಯಾಡ್ರಿ. ಈ ಸಲ ನೀವ ಕೇಳಿ ಹೇಳ್ರಿ. ಜವಾರಿ ಕೇಳಸ್ತದೇನು?"

ರಾಯರು ಕಣ್ಣು ಮುಚ್ಚಿದರು. ಕೇಳಿಸುತ್ತಿತ್ತು. ಮೊದಲ ಜೋಡಿಯಲ್ಲಿ ಕೇಳಿದ್ದಂತೆಯೇ, ಬಿಡಿಬಿಡಿಯಾಗಿ.

"ಕೇಳಸ್ತದ."

"ಹೆಂಗದ?"

ನಲವತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ಹೆಂಡತಿ ಅವರಿಗೆ ಕೇಳಿರಲಿಲ್ಲ. ಮಾತು ಹುಡುಕಬೇಕಾಯಿತು. "ಬಿಸಲಾಗ ಗುಂಗಿ ಹುಳಾ ಹಾರ್ಯಾಡಿಧಂಗ. ಹತ್ರ ಬರತದ, ದೂರ ಹೋಗತದ, ಹೋದ ಮ್ಯಾಲೂ ಕಿವ್ಯಾಗ ಇರತದ."

ಬಾಯಿಯವರು ಪೆಟ್ಟಿಗೆಯ ಕಡೆ ನೋಡುತ್ತಲೇ ತಲೆಯಾಡಿಸಿದರು, ಶಿಷ್ಯ ಕೊನೆಗೂ ಸರಿಯಾಗಿ ಒಪ್ಪಿಸಿದನೆಂಬಂತೆ.

"ಹೌದ್ರಿ," ಎಂದರು. "ಹಂಗ ಇರತಿತ್ತು."