ಆರಿಸುವ ಕೈಗೆ ಹಚ್ಚುವ ಕೆಲಸ

ಅರಣ್ಯ ಇಲಾಖೆಯಲ್ಲೇ ತಲೆ ನರೆಸಿಕೊಂಡ ಗಾರ್ಡಪ್ಪನಿಗೆ ಬೆಂಕಿ ಎಂದರೆ ಜನ್ಮವೈರಿ. ಕಾಡಿನಲ್ಲಿ ಆರಿಸಿದರೆ ಸರಿ, ಸಂಬಳ ಕೊಡುವುದೇ ಅದಕ್ಕೆ. ಈ ಪುಣ್ಯಾತ್ಮ ಮನೆಯಲ್ಲೂ ಬಿಡುತ್ತಿರಲಿಲ್ಲ. ಹೆಂಡತಿ ಒಲೆ ಹೊತ್ತಿಸಿ ಉಪ್ಪಿನ ಡಬ್ಬಿಗೆ ಕೈ ಚಾಚುವಷ್ಟರಲ್ಲಿ ಒಲೆ ಆರಿರುತ್ತಿತ್ತು. ಬೀದಿಯಲ್ಲಿ ಗುರುತಿಲ್ಲದವರ ಬಾಯಿಂದ ಸಿಗರೇಟು ಕಿತ್ತು ಕಾಲಲ್ಲಿ ಹೊಸಕಿ, ಆಮೇಲೆ "ತಪ್ಪಾಯ್ತು, ಕೈ ತಾನಾಗೇ ಬಂತು" ಎಂದು ಕೈಮುಗಿದದ್ದೂ ಉಂಟು. "ಅರೆಬೆಂದದ್ದು ತಿಂದೇ ನನ್ನ ಮಗಳು ದೊಡ್ಡೋಳಾದ್ಳು" ಎಂದು ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದಳು.

ಇಂಥವನಿಗೆ ಆ ಚಳಿಗಾಲ ಆದೇಶ ಬಂತು: ಗುಡ್ಡಕ್ಕೆ ಬೆಂಕಿ ಹಚ್ಚು.

ವಲಯಕ್ಕೆ ಹೊಸದಾಗಿ ಬಂದಿದ್ದ ಅಧಿಕಾರಿ ಮೇಡಂ ಅವನನ್ನು ಕೂರಿಸಿ ತಿಳಿಸಿ ಹೇಳಿದರು. ಮಳೆ ಮೊದಲಿನಂತಿಲ್ಲ, ಬೇಸಿಗೆ ಉದ್ದವಾಗಿದೆ, ಗುಡ್ಡದ ಬುಡದಲ್ಲಿ ಮೊಣಕಾಲು ಮುಚ್ಚುವಷ್ಟು ತರಗೆಲೆ ಒಣಗಿ ಬಿದ್ದಿದೆ. "ಈಗ ತಂಪಲ್ಲಿ ನಾವೇ ನಿಧಾನಕ್ಕೆ ಸುಟ್ಬಿಟ್ರೆ ಬೇಸಿಗೆ ಬೆಂಕಿಗೆ ತಿನ್ನೋಕೆ ಏನೂ ಸಿಗಲ್ಲ. ಸುಡದೆ ಇದ್ರೆ ಕೆಳಗಿನ ಮನೆ ಒಂದೂ ಉಳಿಯಲ್ಲ." ಕೆಳಗಿನ ಸಾಲಿನ ಕೊನೆಯ ಮನೆ ಗಾರ್ಡಪ್ಪನ ಮಗಳದು. ಅಲ್ಲಿ ಅವಳು, ಅಳಿಯ, ಇನ್ನೂ ಹೆಜ್ಜೆ ಇಡದ ಮೊಮ್ಮಗಳು. ಗಾರ್ಡಪ್ಪನ ತಲೆಗೆ ಮಾತು ಪೂರ್ತಿ ಅರ್ಥವಾಯಿತು. ಕೈಗೆ ಆಗಲಿಲ್ಲ.

ಮೊದಲ ದಿನ ಅವನೂ ಅವನು ತಿದ್ದಿ ತೀಡಿದ ಕಾವಲುಗಾರರೂ ಶ್ರದ್ಧೆಯಿಂದ ಕಡ್ಡಿ ಗೀರಿದರು. ಹೊಗೆ ಎದ್ದದ್ದೇ ತಡ, ಎಲ್ಲರೂ ಹಸಿ ಕೊಂಬೆ ಮುರಿದುಕೊಂಡು ಮೇಲೆ ಬಿದ್ದು ಬಡಿದರು. ಸಂಜೆ ಮೇಡಂ ಬಂದು ನೋಡಿದರೆ ಗುಡ್ಡದ ತುಂಬ ಚಾಪೆಯಷ್ಟಗಲದ ಕಪ್ಪು ಕಲೆಗಳು.

"ಏನಿದು?"

"ಸುಟ್ಟಿದೀವಿ ಮೇಡಂ."

"ಮತ್ತೆ ಇಷ್ಟಕ್ಕೇ ನಿಂತಿದೆಯಲ್ಲ?"

"ಆರಿಸಿದೀವಿ ಮೇಡಂ."

"ಆರಿಸಿ ಅಂದೋರು ಯಾರು?"

"ಹೊಗೆ ಬಂತಲ್ಲ ಮೇಡಂ" ಎಂದ ಗಾರ್ಡಪ್ಪ, ಇದಕ್ಕಿಂತ ದೊಡ್ಡ ಕಾರಣ ಬೇಕೇ ಎಂಬಂತೆ.

ಮೇಡಂ ಕೊಂಬೆ ಮುರಿಯಕೂಡದೆಂದರು. ಇವರು ಅಂಗಿ ಬಿಚ್ಚಿ ಬಡಿದರು. ಅಂಗಿ ಬಿಚ್ಚಕೂಡದೆಂದರು. ಇವರು ಬೂಟುಗಾಲಲ್ಲಿ ಕುಣಿದು ತುಳಿದರು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇಲ್ಲಿ ಸುಡುವುದೇ ಆಗುತ್ತಿರಲಿಲ್ಲ. ಇತ್ತ ಬೆಳಗಿನ ಇಬ್ಬನಿ ಕಡಿಮೆಯಾಗುತ್ತ ಬಂತು. ಇಬ್ಬನಿ ನಿಂತರೆ ಸುಡುವ ಕಾಲವೂ ಮುಗಿದಂತೆ. ಗಾರ್ಡಪ್ಪನಿಗೆ ಊಟ ಸೇರದಾಯಿತು. ಕೊನೆಗೆ ಅವನೇ ಹಗ್ಗ ತಂದ.

"ನನ್ನ ಕಟ್ಟಿಹಾಕ್ರಪ್ಪ."

ಮಗಳ ಮನೆಯ ಗೋಡೆಗೂ ಗುಡ್ಡಕ್ಕೂ ನಡುವೆ ಗುಡಿಸಿ ಬರಿದು ಮಾಡಿದ ನೆಲವಿತ್ತು. ಅಲ್ಲಿದ್ದ ಮರಕ್ಕೆ ಅವನನ್ನು ಬಿಗಿದು, ಕಾವಲು ಹುಡುಗರು ಮೇಲೆ ಹೋಗಿ ಹಚ್ಚಿದರು. ಕೆಳಗಿನಿಂದ "ಆರಿಸ್ರೋ" ಎಂಬ ಕೂಗು ಕೇಳಿತು. ಹಿರಿಯರ ಮಾತು ಮೀರಿದವರಲ್ಲ, ಆರಿಸಿಬಿಟ್ಟರು. ಮೇಡಂ ಹಣೆ ಹಣೆ ಚಚ್ಚಿಕೊಂಡು ತಮ್ಮದೇ ಟವೆಲ್ಲನ್ನು ಗಾರ್ಡಪ್ಪನ ಬಾಯಿಗೆ ತುರುಕಿಸಿದರು. ಈ ಸಲ ಹಚ್ಚಿದ ಬೆಂಕಿ ಆರದೆ ಉಳಿಯಿತು. ಆರಾಮವಾಗಿ ಎಲೆ ಮೇಯುತ್ತ ಇಳಿಜಾರಿನಲ್ಲಿ ಕೆಳಕ್ಕೆ ಬಂತು. ಹುಡುಗರು ಕೈಕಟ್ಟಿ ನಿಂತು, ಇಷ್ಟು ವರ್ಷ ಬೆಂಕಿಯನ್ನು ಸರಿಯಾಗಿ ನೋಡಿಯೇ ಇರಲಿಲ್ಲವಲ್ಲ ಎಂದುಕೊಂಡರು.

ಬೆಂಕಿ ಗೋಡೆಯ ಹತ್ತಿರ ಬಂದಾಗ ಮಗಳು ಬಕೆಟ್ ತುಂಬ ನೀರು ಹಿಡಿದು ಓಡಿಬಂದಳು. ಅಪ್ಪನ ಬಾಯಿಯ ಟವೆಲ್ಲು ಕಿತ್ತು, ಹಗ್ಗ ಬಿಚ್ಚಿದಳು.

"ಮಗು ಒಳಗಿದೆ, ಆರ್ಸಪ್ಪ."

ಜ್ವಾಲೆ ಪಾದದೆತ್ತರಕ್ಕೂ ಇರಲಿಲ್ಲ. ಗಾರ್ಡಪ್ಪನಿಗೆ ಎರಡೇಟಿನ ಕೆಲಸ. ಕೈ ಆಗಲೇ ಎದ್ದಿತ್ತು. ಆದರೆ ಜ್ವಾಲೆಗೂ ಬರಿನೆಲಕ್ಕೂ ನಡುವೆ ಇನ್ನೊಂದು ಪಟ್ಟಿ ತರಗೆಲೆ ಉಳಿದಿತ್ತು. ಈಗ ಆರಿಸಿದರೆ ಅದು ಅಲ್ಲೇ ಬಿದ್ದುಕೊಂಡು ಬೇಸಿಗೆಗೆ ಕಾಯುತ್ತದೆ. ಜೀವಮಾನದಲ್ಲಿ ಅವನಿಗೆ ಅಷ್ಟು ಭಯ ಯಾವತ್ತೂ ಆಗಿರಲಿಲ್ಲ.

"ಇರು" ಎಂದ.

ಮಗಳು ಬಕೆಟ್ ಎತ್ತಿದಳು. ಅವನು ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡ.

"ಬಿಡಪ್ಪ."

"ಬಿಡಲ್ಲ. ನೀನೂ ಬಿಡಬೇಡ ಕಣೇ. ನೀನು ಬಿಟ್ರೆ ನಾನೇ ಎರಚಿಬಿಡ್ತೀನಿ."

ಅಪ್ಪ ಮಗಳು ಬಕೆಟ್ ಹಿಡಿದೇ ನಿಂತರು. ಇಬ್ಬರ ಜಗ್ಗಾಟಕ್ಕೆ ನೀರು ತುಳುಕಿ ಕಾಲಿಗೆ ಬೀಳುತ್ತಿತ್ತು. ಬೆಂಕಿ ಕೊನೆಯ ಎಲೆಗಳನ್ನು ತಿಂದು ಬರಿನೆಲದ ಅಂಚಿಗೆ ಬಂತು. ಮುಂದೆ ಏನೂ ಇರಲಿಲ್ಲ.

"ಯಾರೂ ಆರಿಸ್ಲಿಲ್ಲ ಕಣೇ" ಎಂದ ಗಾರ್ಡಪ್ಪ, ಅಳುತ್ತ. "ತಾನೇ ಆರ್ತು."